ಮೇಕೆ ಕುರ್ಚಿ ಹತ್ತುವ ಮೊದಲೇ

ಅಮ್ಮಾ,

ನಿನ್ನ ಫೋನಿಗೆ ಇನ್ನೂ ದಿನಾ ಚಾರ್ಜ್ ಹಾಕುತ್ತೇನೆ. ಆಫ್ ಆದರೆ ಒಳಗಿದ್ದದ್ದೆಲ್ಲ ಹೋಗಿಬಿಟ್ಟೀತೆಂಬ ಭಯ. ಇವತ್ತು ಊಟವಾದ ಮೇಲೆ ಅದರಲ್ಲಿ ನಿನ್ನ ಮೇಕೆ ವಿಡಿಯೊ ಹಾಕಿದೆ. ನಮಗೆ ತೋರಿಸುವಾಗಲೆಲ್ಲ ಮೇಕೆ ಕುರ್ಚಿ ಹತ್ತುವ ಮೊದಲೇ ನೀನು ಬಿದ್ದು ಬಿದ್ದು ನಗುತ್ತ ಫೋನ್ ಅಲ್ಲಾಡಿಸುತ್ತಿದ್ದೆಯಲ್ಲ, ಹಾಗಾಗಿ ನಾವ್ಯಾರೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಇವತ್ತು ಪೂರ್ತಿ ನೋಡಿದೆವು. ಯಾರಿಗೂ ನಗು ಬರಲಿಲ್ಲ. ನೀನು ಹೋದಮೇಲೆ ನಗುವುದನ್ನೇ ಬಿಟ್ಟ ಅಪ್ಪ ಎದ್ದು ಹೊರಟರು.

ಅಷ್ಟರಲ್ಲಿ ನನ್ನ ಮಗಳು ಫೋನ್ ಕಿತ್ತುಕೊಂಡು, "ಹಾಗಲ್ಲ, ಅಜ್ಜಿ ಥರ ನೋಡ್ಬೇಕು!" ಎಂದು ಮೊದಲಿಂದ ಹಾಕಿದಳು. ಮೇಕೆ ಬರುವ ಮುಂಚೆಯೇ ಹೊಟ್ಟೆ ಹಿಡಿದುಕೊಂಡು, "ಅಯ್ಯೋ, ಈಗ ನೋಡ್ರೋ, ಈಗ!" ಎಂದು ಫೋನ್ ಅಲ್ಲಾಡಿಸಿದಳು. ಫೋನ್ ಬಿದ್ದೀತೆಂದು ನನ್ನ ಜೀವ ಬಾಯಿಗೆ ಬಂತು. ಆಗೆಲ್ಲ ನಿನಗೆ ಬೈಯುತ್ತಿದ್ದೆ; ಈ ಸಲ ಬೈಯಲಿಲ್ಲ.

"ಥೇಟ್ ನಿಮ್ಮಜ್ಜಿ ಕಣೇ ನೀನು," ಎಂದು ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮೇಕೆ ಮಾತ್ರ ಯಾರಿಗೂ ಕಾಣಿಸಲಿಲ್ಲ, ಅಮ್ಮಾ.