ಕುಪ್ಪೇಲೂರಿನಲ್ಲಿ ಇಲ್ಲದ ಹೊಳಿಯವ್ವ

ಬ್ಯಾಡಗಿ
8 ಮಾರ್ಚ್ 1992

ಪ್ರೀತಿಯ ತಂಗಿ ಶೇಖವ್ವ,

ನಿನ್ನ ಅಣ್ಣ ಲಕ್ಕಪ್ಪ ಗಟ್ಟಿಯಾಗಿದ್ದಾನೆ, ಎರಡು ಹೊತ್ತು ರೊಟ್ಟಿ ಉಣ್ಣುತ್ತಾನೆ, ಕಣ್ಣಿಗೆ ಮಾತ್ರ ಹೊಸ ಚಾಳೀಸು ಕನ್ನಡಕ ಬಂದಿದೆ. ಇದನ್ನು ಮೊದಲೇ ತಿಳಿಸಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸೊಲ್ಲಾಪುರದಲ್ಲಿ ಕೂತು ಏನೇನೋ ಕಲ್ಪಿಸಿಕೊಳ್ಳುತ್ತೀ. ಸಂಕ್ರಾಂತಿಗೆ ನೀನು ಬರೆದ ಕಾಗದಕ್ಕೆ ಶಿವರಾತ್ರಿ ದಾಟಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ತಪ್ಪಾಯಿತು. ನಿನ್ನ ಯಜಮಾನ ತಿರಕಪ್ಪನವರ ಗಿರಣಿ ಮತ್ತೆ ಶುರುವಾಯಿತೆಂದು ಓದಿ ನಿನ್ನ ವೈನಿ ಕರಿಯವ್ವ ಅಂದೇ ದೇವರಿಗೆ ಕಾಯಿ ಒಡೆಸಿದಳು. ಉತ್ತರ ಮಾತ್ರ ನನ್ನಿಂದ ತಡವಾಯಿತು.

ತಡಕ್ಕೆ ಕಾರಣ ಕೇಳಿದರೆ ನೀನು ಬೈಯುವುದಿಲ್ಲ. ಎಂಟು ವರ್ಷ ಈ ಕೈಗೆ ಬರಹ ಅಂತ ಇದ್ದದ್ದು ನಿನಗೆ ಕಾಗದ ಬರೆಯುವುದೊಂದೇ. ಈಗ ಅದೇ ಕೈ ಮತ್ತೊಂದು ಸಿನಿಮಾ ಬರೆದಿದೆ, ಶೇಖವ್ವ. ಕಥೆ, ಮಾತು ಎಲ್ಲ ನನ್ನದೇ. ಚಿತ್ರೀಕರಣ ಮುಗಿದಿದೆ. ಯುಗಾದಿ ಆದ ವಾರಕ್ಕೆ ಹಾವೇರಿ ಟಾಕೀಜಿಗೆ ಬರುತ್ತದೆ. ಮೊದಲೆಲ್ಲ ಆಗುವ ಮುಂಚೆಯೇ ಊರಿಗೆಲ್ಲ ಸಾರಿಕೊಂಡು ಬಂದವನು ನಾನು. ಈ ಸಲ ಆದ ಮೇಲೆ ಹೇಳಬೇಕೆಂದು ವರ್ಷವಿಡೀ ಬಾಯಿ ಬಿಗಿಹಿಡಿದಿದ್ದೆ. ನಿನಗೆ ಬರೆದ ಕಾಗದಗಳಲ್ಲಿ ಬರೀ ಮೆಣಸಿನಕಾಯಿ ಧಾರಣೆ ಬರೆದು ಪುಟ ತುಂಬಿಸಿದ್ದು ಅದಕ್ಕೇ.

ಹೇಗಾಯಿತು ಅನ್ನುವುದನ್ನು ಸಾವಕಾಶ ಹೇಳುತ್ತೇನೆ. ಅಬ್ದುಲರಜಾಕ ಅನ್ನುವವನೊಬ್ಬ, ಹಾವೇರಿಯವನು, ನಾನು ಮದ್ರಾಸಿನಲ್ಲಿದ್ದಾಗ ನಟರಿಗೆ ಮಾತು ಹೇಳಿಕೊಡುವ ಕೆಲಸದಲ್ಲಿದ್ದ. ಕಳೆದ ವರ್ಷ ಪುಷ್ಯದಲ್ಲಿ ನನ್ನನ್ನು ಹುಡುಕಿಕೊಂಡು ಬ್ಯಾಡಗಿಗೆ ಬಂದ. ಶಮಶೇರಸಾಬರ ಮೆಣಸಿನಕಾಯಿ ಅಂಗಡಿಯಲ್ಲಿ ನಾನು ತೂಕ ಬರೆಸುತ್ತ ಕೂತಿದ್ದೆ. ಅಂಗಳದ ತುಂಬ ಕಾಯಿ ಸುರುವಿತ್ತು, ಹೆಂಗಸರು ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಒಳಗೆ ಕಾಲಿಟ್ಟವನೇ ರಜಾಕ ಸೀನತೊಡಗಿದ. ತಾನು ನಿರ್ದೇಶಕನಾಗಿರುವುದನ್ನು ಹೇಳುವಾಗ ಸೀನಿದ, ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರು ಹಣ ಹಾಕುತ್ತಾರೆಂದು ಹೇಳುವಾಗ ಸೀನಿದ. ಕೊನೆಗೆ ಮೂಗಿಗೆ ದಸ್ತಿ ಒತ್ತಿಕೊಂಡು, "ಮಾಸ್ತರ, ನಮ್ಮ ಕಡೆ ಮಂದಿ ಮಾತಾಡಿದಂಗ ಮಾತಾಡೋ ಸಿನಿಮಾ ಮಾಡಬೇಕಂತ ಮಾಡೇನಿ. ನೀವು ಬರೀಲಿಲ್ಲಂದ್ರ ನಾ ಮಾಡಂಗಿಲ್ಲ" ಅಂದ.

ನಾನು ಆಗುವುದಿಲ್ಲ ಅಂದೆ. ನನ್ನ ಹಾಡು ನಿನಗೆ ಗೊತ್ತೇ ಇದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು, ಗೋಡೆಗೆ ಅಂಟಿಸಿದ ನಾಟಕದ ಕಾಗದ ಓದಿ ಅಕ್ಷರ ಕಲಿತವನು, ನಿನಗೂ ಅವುಗಳಲ್ಲೇ ಕಲಿಸಿದವನು. ಮೋಟೆಬೆನ್ನೂರಿನ ಹುಡುಗರಿಗೆ ನಾಟಕ ಕಲಿಸುತ್ತ ಕಲಿಸುತ್ತ ಮದ್ರಾಸು ಮುಟ್ಟಿದೆ. ಅಲ್ಲಿ ಬರೆದ ಮೊದಲನೆಯ ಸಿನಿಮಾ ಓಡಿತು. ಎರಡನೆಯದು ಡಬ್ಬಿಯಲ್ಲೇ ಉಳಿಯಿತು. ಮೂರನೆಯದನ್ನು ಜನ ಮೂರು ದಿನವೂ ನೋಡಲಿಲ್ಲ. ನಾಲ್ಕನೆಯದಕ್ಕೆ ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಹರಿದು, ಮಧ್ಯಾಹ್ನದ್ದನ್ನು ಸಂಜೆ ಹರಿದು, ಕಡೆಗೆ ಯಾರ ಮಾತು ಯಾರ ಬಾಯಲ್ಲಿ ಅನ್ನುವುದೇ ನನಗೆ ತಿಳಿಯದಂತಾಯಿತು. ನಮ್ಮ ಕಡೆಯ ಮಾತು ಬರೆದರೆ "ಇದನ್ನು ನಗಿಸುವವನಿಗೆ ಕೊಡಿ" ಅನ್ನುತ್ತಿದ್ದರು. ಕೊನೆಗೆ ಲೇಖಣಿ ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಡಾಕ್ಟರು ವಿಶ್ರಾಂತಿ ಅಂದರು. ಊರ ಕಡೆ ಬಂದು ಬ್ಯಾಡಗಿ ಸೇರಿದೆ. ಬ್ಯಾಡಗಿಯಲ್ಲಿ ನಾನು ಸಿನಿಮಾದವನಾಗಿದ್ದೆ ಅಂತ ಯಾರಿಗೂ ಹೇಳಿರಲಿಲ್ಲ. ಶಮಶೇರಸಾಬರಿಗೆ ನಾನು ಲೆಕ್ಕ ತಪ್ಪದ ಲಕ್ಕಪ್ಪಣ್ಣ, ಅಷ್ಟೇ.

ರಜಾಕ ಮಾತ್ರ ಬಿಡಲಿಲ್ಲ. "ಆಗಂಗಿಲ್ಲ ಅನ್ನೋದನ್ನ ಬರದು ನೋಡಿ ಹೇಳ್ರಿ" ಅಂದು ಸೀನುತ್ತ ಬಸ್ಸು ಹತ್ತಿದ.

ಬರೆಯಲು ಕೂತೆ. ಹೊಸ ಕಾಗದ, ಹೊಸ ಮಸಿ. "ದೃಶ್ಯ ಒಂದು. ಹಗಲು. ಮನೆಯ ಮುಂದೆ" ಅಂತ ಬರೆದೆ. ಮುಂದಿನ ಸಾಲು ಬರಲಿಲ್ಲ. ದಿನಾ ಬೆಳಿಗ್ಗೆ ಅದೇ ಸಾಲನ್ನು ಹೊಸ ಕಾಗದದ ಮೇಲೆ ಬರೆಯುತ್ತಿದ್ದೆ. ಹೊಳಿಯವ್ವ ಅನ್ನುವ ಹೆಂಗಸೊಬ್ಬಳು ಮನಸ್ಸಿನಲ್ಲಿದ್ದಳು, ಆದರೆ ಆಕೆ ಬಾಯಿ ಬಿಡುತ್ತಿರಲಿಲ್ಲ. ನಿನ್ನ ವೈನಿ ನೋಡುವಷ್ಟು ನೋಡಿ, "ದೃಶ್ಯ ಒಂದರಾಗ ಮನಿ ಮುಂದ ಎಷ್ಟು ದಿನಾ ನಿಂತಿರತೀರಿ? ಒಳಗರ ಹೋಗ್ರಿ, ಇಲ್ಲಾ ಅಂಗಡಿಗರ ಹೋಗ್ರಿ" ಅಂದಳು. ಅಂಗಡಿಗೆ ಹೋದೆ.

ಅವತ್ತು ಶಮಶೇರಸಾಬರು ಹಾವೇರಿಗೆ ಹೋಗಿದ್ದರು. ಹೆಂಗಸರು ಯಾರದೋ ಮನೆಯ ಅತ್ತೆ ಸೊಸೆ ಜಗಳದ ಸುದ್ದಿ ಹೇಳಿಕೊಳ್ಳುತ್ತಿದ್ದರು. ಅವರ ಸುದ್ದಿ ಮುಗಿಯಿತು. ಆಗ ನನ್ನ ಬಾಯಿ ತಾನೇ ಶುರುವಾಯಿತು. ಕುಪ್ಪೇಲೂರಿನಲ್ಲಿ ಹೊಳಿಯವ್ವ ಅಂತ ಒಬ್ಬಾಕೆ, ಗಂಡ ಸತ್ತು ವರ್ಷವಾಗಿಲ್ಲ, ಅತ್ತೆ ಆಕೆಗೆ ಒಂದು ಬೊಗಸೆ ಜೋಳ ಕೊಟ್ಟು ಒಲೆ ಬೇರೆ ಮಾಡಿಬಿಟ್ಟಳು ಅಂದೆ. ಹೊಳಿಯವ್ವ ಜಗಳಾಡಲಿಲ್ಲ. ಬಾಗಿಲ ಮುಂದೆ, ಬೀದಿಯಲ್ಲೇ, ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಓಣಿಗೆಲ್ಲ ಕೇಳುವ ಹಾಗೆ ರೊಟ್ಟಿ ಬಡಿದಳು. ಮೊದಲ ರೊಟ್ಟಿಯನ್ನು ಒಯ್ದು ಅತ್ತೆಯ ಗಂಗಾಳಕ್ಕೆ ಹಾಕಿದಳು. ಒಲೆ ಬೇರೆ ಆದ ಮೇಲೆ ನನಗೇಕೆ ರೊಟ್ಟಿ ಅಂತ ಅತ್ತೆ ಕೇಳಿದಳು. ಹೊಳಿಯವ್ವ ಏನಂದಾಳು ಅನ್ನುವುದು ನನಗೂ ಗೊತ್ತಿರಲಿಲ್ಲ, ಶೇಖವ್ವ. ಬಾಯಿ ತೆರೆದೆ, ಆಕೆಯೇ ಅಂದಳು.

"ಒಲಿ ಬ್ಯಾರೆ ಆಗೈತ್ರಿ ಅತ್ತಿ. ಹಸಿವು ಬ್ಯಾರೆ ಆಗಿಲ್ಲ."

ತೊಟ್ಟು ಮುರಿಯುವ ಸದ್ದು ನಿಂತಿತು. ಒಂದು ಅಂಗಳ ಹೆಂಗಸರ ಕೈ ಒಟ್ಟಿಗೇ ನಿಂತದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಮರಿಯವ್ವ ಅಂತ ಒಬ್ಬ ಮುದುಕಿ ಇದ್ದಾಳೆ, ಎಲ್ಲರಿಗಿಂತ ಬಾಯಿ ಜೋರು. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಘಾಟಿಗೋ ಏನೋ ಅಂದುಕೊಂಡೆ. ಮನೆಗೆ ಬಂದು, ಮಸಿ ಹಾಕುವುದಕ್ಕೂ ಪುರಸೊತ್ತಿಲ್ಲದೆ ಸೀಸದ ಕಡ್ಡಿಯಲ್ಲಿ ದೃಶ್ಯ ಒಂದನ್ನು ಬರೆದು ಮುಗಿಸಿದೆ.

ನಾಲ್ಕಾರು ದಿನ ಕಳೆದ ಮೇಲೆ ಮರಿಯವ್ವ ನನ್ನ ಎದುರು ಬಂದು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು. ನಡೆದದ್ದೇನೆಂದರೆ, ಆಕೆಯ ತಂಗಿಯನ್ನು ಕುಪ್ಪೇಲೂರಿಗೆ ಕೊಟ್ಟಿದೆಯಂತೆ. ಅವತ್ತು ಸಂಜೆಯೇ ರಾಣೇಬೆನ್ನೂರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ತಂಗಿಗೆ ಹೇಳಿ ಕಳಿಸಿದ್ದಾಳೆ: ಅತ್ತೆ ಒಲೆ ಬೇರೆ ಮಾಡಿದ ಹೊಳಿಯವ್ವನನ್ನು ಹುಡುಕು, ಬ್ಯಾಡಗಿಗೆ ಬರಲಿ, ಇಲ್ಲಿ ಕಾಯಿ ಬಿಡಿಸುವ ಕೂಲಿ ಇದೆ, ನೆಲೆ ಸಿಗುವ ತನಕ ನನ್ನ ಮನೆಯಲ್ಲಿ ಇರಲಿ ಅಂತ. ಉಳಿದ ಹೆಂಗಸರು ಆಕೆಗೆಂದು ಒಂದು ಹಳೆಯ ಕೌದಿ, ಎರಡು ಬೋಗುಣಿ ಕೂಡಿಸಿ ಇಟ್ಟಿದ್ದಾರೆ. ತಂಗಿ ಕುಪ್ಪೇಲೂರಿನ ಓಣಿ ಓಣಿ ಸುತ್ತಿ, ಅಂಥಾಕೆ ಇಲ್ಲಿಲ್ಲ ಅಂತ ತಿರುಗಿ ಹೇಳಿ ಕಳಿಸಿದಳಂತೆ.

ನನಗೆ ಹೇಳದೆ ವಿಧಿಯಿರಲಿಲ್ಲ. ಎಂಟು ವರ್ಷ ಮುಚ್ಚಿಟ್ಟದ್ದು ಅವತ್ತು ಆ ಅಂಗಳದಲ್ಲಿ ಹೊರಗೆ ಬಂತು. ನಾನು ಸಿನಿಮಾ ಬರೆಯುವವನು, ಹೊಳಿಯವ್ವ ನಾನು ಕಟ್ಟಿದ ಹೆಂಗಸು ಅಂದೆ. ಮರಿಯವ್ವ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದಳು.

"ಹಂಗಾರ ಆಕಿ ಇಲ್ಲೇನ್ರಿ?"

ಇಲ್ಲ ಅಂದೆ.

"ಇಲ್ಲದಾಕಿ ಸಲುವಾಗಿ ನಾ ಎರಡು ದಿನಾ ಅತ್ತೇನಿ" ಅಂದಳು. ಆಕೆ ಹೋಗಿ ತನ್ನ ಜಾಗದಲ್ಲಿ ಕೂತಳು, ಕಾಯಿ ಮಡಿಲಿಗೆ ಸುರುವಿಕೊಂಡಳು. ಆಮೇಲೆ ಮುಖ ಎತ್ತದೆ ಅಂದಳು: "ಇರಲಿ. ಮುಂದೇನಾತು, ಅದನ್ನರ ಹೇಳ್ರಿ."

ಮದ್ರಾಸಿನಲ್ಲಿ ಹನ್ನೊಂದು ವರ್ಷ ಇದ್ದೆ, ತಂಗಿ. ಹಾರ ಹಾಕಿಸಿಕೊಂಡದ್ದೂ ಉಂಟು. ಇಂಥ ಬಹುಮಾನ ಸಿಕ್ಕಿರಲಿಲ್ಲ. ಮಾಡಿದ ಕೆಲಸದ ಮೇಲೆ ನನಗೆ ಅಭಿಮಾನ ಬಂದದ್ದು ಆ ದಿನ. ನಿನ್ನ ಮುಂದೆ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಹಗಲು ಅಂಗಳದಲ್ಲಿ ಒಂದು ದೃಶ್ಯ ಹೇಳುವುದು, ಸಂಜೆ ಮನೆಯಲ್ಲಿ ಬರೆಯುವುದು. ಎಲ್ಲಿ ಅವರ ಕೈ ಓಡುತ್ತಲೇ ಇರುತ್ತದೋ ಆ ಮಾತನ್ನು ಹೊಡೆದುಹಾಕುವುದು, ಎಲ್ಲಿ ನಿಲ್ಲುತ್ತದೋ ಅದನ್ನು ಇಟ್ಟುಕೊಳ್ಳುವುದು. ಶಮಶೇರಸಾಬರು, "ಲಕ್ಕಪ್ಪಣ್ಣ, ನಿಮ್ಮ ಹೊಳಿಯವ್ವ ನನ್ನ ಅಂಗಡಿ ಮುಚ್ಚಸ್ತಾಳ ನೋಡ್ರಿ" ಅಂತ ಒದರುತ್ತಿದ್ದರು. ಮರುದಿನ ಹತ್ತಿರ ಕೂತು, ಆ ಅತ್ತೆಗೆ ಬುದ್ಧಿ ಬಂತೋ ಇಲ್ಲವೋ ಅಂತ ಕೇಳುವವರೂ ಅವರೇ. ಮನೆಯಲ್ಲಿ ನಾನು ಗೋಡೆಯ ಜೊತೆ ಮಾತಾಡುತ್ತ ತಿರುಗುವುದನ್ನು ನೋಡಿ ಕರಿಯವ್ವ, "ಖರೇ ಹುಚ್ಚೋ, ಇಲ್ಲಾ ಸಿನಿಮಾದ ಹುಚ್ಚೋ, ಒಂದು ಹೇಳಿಬಿಡ್ರಿ, ಹಂಗ ಅಡಗಿ ಮಾಡ್ತೇನಿ" ಅಂದಳು. ಬಾಯಲ್ಲಿ ಹಾಗಂದರೂ ದೀಪದ ಗಾಜು ಒರೆಸಿ ಹತ್ತಿರ ತಂದಿಟ್ಟಳು. ಬೇಸಿಗೆ ಮುಗಿಯುವಷ್ಟರಲ್ಲಿ ಕಥೆ ಮುಗಿಯಿತು. ಕಥೆಯ ಕೊನೆಗೆ ಹೊಳಿಯವ್ವ ಬ್ಯಾಡಗಿಯ ಬಸ್ಸು ಇಳಿಯುತ್ತಾಳೆ. ಗುರುತಿಲ್ಲದ ಹೆಂಗಸರು ಒಂದು ಕೌದಿ, ಎರಡು ಬೋಗುಣಿ ಹಿಡಿದು ಕಾಯುತ್ತಿರುತ್ತಾರೆ. ಅದು ನಾನು ಕಟ್ಟಿದ್ದಲ್ಲ, ನಿನಗೆ ಗೊತ್ತೇ ಇದೆ.

ರಜಾಕ ಓದಿ, ಏನೂ ಬದಲಾಯಿಸುವುದಿಲ್ಲ ಅಂದ. ಮಾತಿಗೆ ತಪ್ಪಲಿಲ್ಲ. ನಾನು ಒಂದೇ ಒಂದು ಷರತ್ತು ಹಾಕಿದೆ. ಸಿನಿಮಾದ ಮೊದಲಿಗೆ ಪರದೆಯ ಮೇಲೆ ಹೆಸರುಗಳು ಬರುತ್ತವಲ್ಲ, ಅವನ್ನು ತೋರಿಸಿದರೆ ಸಾಲದು, ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳಬೇಕು. ಹುಬ್ಬಳ್ಳಿಯ ಧಣಿ ನಕ್ಕು, ಇದೇನು ಸಾಲೆಯ ಹಾಜರಿಯೇ ಅಂದರಂತೆ. ರಜಾಕ ಕಾರಣ ಕೇಳಿದ. ನಮ್ಮ ಮಂದಿಯಲ್ಲಿ ಅರ್ಧಕ್ಕರ್ಧ ಓದು ಬಾರದವರು, ಅವರೂ ರೊಕ್ಕ ಕೊಟ್ಟೇ ಬರುತ್ತಾರೆ ಅಂದೆ. ಅವನು ಒಪ್ಪಿದ. ಯಾರ ದನಿ ಅಂದಾಗ ಮರಿಯವ್ವನದು ಅಂದೆ. ಒಂದು ಸಂಜೆ ರಜಾಕ ಯಂತ್ರ ತಂದು ಆಕೆಯ ದನಿಯನ್ನು ಅಂಗಳದಲ್ಲೇ ಹಿಡಿದುಕೊಂಡ. ಆತ ಒಂದೊಂದೇ ಹೆಸರು ಹೇಳುವುದು, ಆಕೆ ಹಿಂದಿನಿಂದ ಹೇಳುವುದು. ದೊಡ್ಡವರ ಬರೀ ಹೆಸರು ಹೇಗೆ ಕರೆಯಲಿ ಅಂತ ಆಕೆ ಹಟ ಹಿಡಿದು, ಎಲ್ಲರಿಗೂ 'ನವರು' ಹಚ್ಚಿಯೇ ಹೇಳಿದಳು. ದೀಪ ಹಿಡಿಯುವವರಿಗೂ.

ಟಾಕೀಜಿನವರಿಗೆ ಹೇಳಿದ್ದೇನೆ, ಮೊದಲ ಆಟಕ್ಕೆ ಈ ಅಂಗಳದವರಿಗೆಲ್ಲ ಜಾಗ ಇಡುತ್ತಾರೆ. ನೀನು, ತಿರಕಪ್ಪನವರು, ಮಕ್ಕಳು ಯುಗಾದಿಗೇ ಬಂದುಬಿಡಿ. ಹೋಳಿಗೆ ತಿಂದು ಹಾವೇರಿಗೆ ಕೂಡಿ ಹೋಗೋಣ. ನಿನ್ನ ಮನೆಯ ಒಲೆ ಆರದಿರಲಿ, ಮಕ್ಕಳ ಓದು ಮುಂದೆ ಸಾಗಲಿ.

ನಿನ್ನ ಅಣ್ಣ,
ಲಕ್ಕಪ್ಪ

ತಾ.ಕ.: ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ. ರಜಾಕನಿಗೆ ಹೇಳಿದ ಕಾರಣ ಸುಳ್ಳಲ್ಲ. ಪೂರ್ತಿಯೂ ಅಲ್ಲ.

ಅವ್ವ ಸಾಯುವ ತನಕ ನಿನ್ನ ಮುಂದೆ ಹೇಳುತ್ತಿದ್ದಳಲ್ಲ, "ಹಾವೇರಿ ಟಾಕೀಜಿನ್ಯಾಗ ನಮ್ಮ ಲಕ್ಕನ ಹೆಸರು ನೋಡೇನಿ" ಅಂತ. ಅದು ನನ್ನ ನಾಲ್ಕನೆಯ ಸಿನಿಮಾ. ಮೋಟೆಬೆನ್ನೂರಿನಿಂದ ಅವ್ವನನ್ನು ನಾನೇ ಬಸ್ಸಿನಲ್ಲಿ ಕರೆದೊಯ್ದಿದ್ದೆ. ನೀನು ಕೊಡಿಸಿದ ಇಳಕಲ್ ಸೀರೆ ಉಟ್ಟಿದ್ದಳು. ಹೆಸರುಗಳು ಶುರುವಾದವು. ಒಂದೊಂದಕ್ಕೂ "ಇದ ಏನಪಾ?" ಅಂತ ಕೇಳುತ್ತಿದ್ದಳು, ಇನ್ನೂ ಇಲ್ಲ ಅನ್ನುತ್ತಿದ್ದೆ. ನನ್ನದು ಬರಬೇಕಾದ ಜಾಗದಲ್ಲಿ ಬೇರೆಯವರ ಹೆಸರು ಬಂತು. ತೆಗೆದುಹಾಕಿದ್ದಾರೆಂದು ನನಗೆ ತಿಳಿದದ್ದೇ ಆಗ. ಅವ್ವ ಮತ್ತೆ ಕೇಳಿದಳು. ನನ್ನ ಮುಖ ನೋಡಿ ಆಕೆ ಏನು ತಿಳಿದಳೋ, ಎರಡೂ ಕೈ ಜೋಡಿಸಿಕೊಂಡು, ಅಲ್ಲಿಂದ ಮುಂದೆ ಬಂದ ಎಲ್ಲ ಹೆಸರಿಗೂ ತಲೆಬಾಗಿ ಕೈ ಮುಗಿದಳು. ಹೊರಗೆ ಬಂದ ಮೇಲೆ ಅಂದಳು: "ಯಾವುದರ ಒಂದು ನಿಂದು ಇರಬೇಕಲ್ಲಪಾ. ಒಂದೂ ಬಿಟ್ಟಿಲ್ಲ."

ಮದ್ರಾಸಿನ ದಣಿವಿಗೆ ಕೈ ನಿಂತಿತು ಅಂತ ಡಾಕ್ಟರು ಹೇಳಿದರು, ನೀವೆಲ್ಲ ನಂಬಿದಿರಿ. ಅದು ನಿಂತದ್ದು ಅಲ್ಲಿ, ಶೇಖವ್ವ, ಅವ್ವನ ಪಕ್ಕದ ಕುರ್ಚಿಯಲ್ಲಿ.

ಆ ಸೀರೆ ಈಗ ನಿನ್ನ ಹತ್ತಿರವೇ ಇದೆ. ಉಟ್ಟುಕೊಂಡು ಬಾ. ಈ ಸಲ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಮರಿಯವ್ವ ಕೂಗಿ ಹೇಳುತ್ತಾಳೆ. ನನ್ನ ಹೆಸರು ಬಂದಾಗ ಕೈ ಮುಗಿ. ಆದರೆ ಲಗೂ ಇಳಿಸಬೇಡ. ಉಳಿದವರ ಹೆಸರು ಇನ್ನೂ ಬರುವವು ಇರುತ್ತವೆ.