ಒಂದು ಸೈಜ್ ದೊಡ್ಡ ಸೈಕಲ್

ಯಶೋಧರಾ,

ನೀನು ಹೆತ್ತಮ್ಮನನ್ನು ಕೇಳದೆ ಮದುವೆಯಾಗಿ ಸೋಗಾನೆಗೆ ಹೋಗಿ ಹನ್ನೊಂದು ವರ್ಷವಾಯಿತು. ಮೊದಲು ಮಾತಾಡಿಸುವವಳು ನಾನಲ್ಲ, ಹಾಗಾಗಿ ಇದನ್ನು ಕಳಿಸುವುದಿಲ್ಲ. ಆದರೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನಿನ್ನ ಅಣ್ಣ ಹಾಲೇಶನ ಮಗಳು ಸಮತಾ ಸೈಕಲ್ ರೇಸಿಗೆ ಆಯ್ಕೆಯಾಗಿದ್ದಾಳೆ. ನಿನ್ನೆ ಜನ್ನಾಪುರದಿಂದ ಬಸ್ಸಿನಲ್ಲಿ ಅವಳನ್ನು ಶಿವಮೊಗ್ಗದ ಅಂಗಡಿಗೆ ಕರೆದುಕೊಂಡು ಹೋದೆ. ಬೆಳೆಯುವ ಹುಡುಗಿ, ಆಮೇಲೆ ತಮ್ಮನಿಗೂ ಆಗಲಿ ಎಂದು ದೊಡ್ಡ ರೇಸ್ ಸೈಕಲ್ಲನ್ನೇ ಕೇಳಿದೆ. ನಿನಗೂ ಹಾಗೇ ತಂದಿದ್ದೆನಲ್ಲ, ಹಾಲೇಶನೂ ಓಡಿಸಲಿ ಎಂದು.

ಸಮತಾ ಹತ್ತಿ ಕೂತಳು. ಹ್ಯಾಂಡಲ್ ಎಟುಕಲು ಪೂರ್ತಿ ಬಾಗಿದಳು. ಪೆಡಲ್ ತುಳಿದಾಗಲೆಲ್ಲ ಸೊಂಟ ಆ ಕಡೆ ಈ ಕಡೆ ವಾಲುತ್ತಿತ್ತು.

"ಇದೇನು ಲಂಗಾನಾ ಅಮ್ಮಾ, ಈಗ ಮಡಿಚಿ ಹೊಲಿದು ಆಮೇಲೆ ಬಿಚ್ಚೋಕೆ?" ಎಂದು ಅಂಗಡಿಯವನು ನಕ್ಕ.

ನನಗೆ ಸಿಟ್ಟು ಬಂತು. "ನೀನೇ ಹೇಳೇ, ಸರಿಯಾಗಿದೆ ತಾನೆ?" ಎಂದು ಸಮತಾಳನ್ನು ಕೇಳಿದೆ.

"ಬೆನ್ನು ನೋಯತ್ತೆ ಅಜ್ಜಿ. ಹೇಳಿದ್ರೆ ಬಯ್ತೀಯ ಅಂತ ಸುಮ್ನಿದ್ದೆ."

ನಾನು ತಂದುಕೊಟ್ಟ ಆ ಸೈಕಲ್ಲನ್ನು ನೀನು ಗೋಡೆಗೆ ಒರಗಿಸಿ, ಇನ್ನು ಮುಟ್ಟಲ್ಲ ಎಂದ ದಿನ ನಾನು ನಿನ್ನನ್ನು ಸೋಮಾರಿ ಎಂದಿದ್ದೆ. ಯಾಕೆ ಎಂದು ಕೇಳಲೇ ಇಲ್ಲ.

ಅಂಗಡಿಯವನು ಸಮತಾಳ ಕಾಲು, ಕೈ ಅಳೆದು ಚಿಕ್ಕದೊಂದನ್ನು ಇಳಿಸಿದ. ಅದರ ಮೇಲೆ ಕೂತಾಗ ಅವಳ ಹೆಗಲು ತಾನಾಗಿಯೇ ಸಡಿಲವಾಯಿತು. ಅದನ್ನೇ ಕೊಡಿ ಎಂದೆ.

ಈಗ ಸಮತಾ ಬಂದು, "ಸೋಗಾನೆ ರಸ್ತೇಲಿ ಪ್ರಾಕ್ಟೀಸ್ ಮಾಡ್ಲಾ ಅಜ್ಜಿ?" ಎಂದು ಕೇಳಿದಳು. ಅಲ್ಲಿ ಯಾರ ಮನೆಯಿದೆಯೆಂದು ಅವಳಿಗೆ ಗೊತ್ತು. ಹೆಲ್ಮೆಟ್ ಹಾಕಿಕೊಂಡು ಹೋಗು, ಬಾಟಲಿಯಲ್ಲಿ ನೀರು ಖಾಲಿಯಾದರೆ ಯಾರ ಮನೆಯಲ್ಲಾದರೂ ಕೇಳಿ ತುಂಬಿಸಿಕೋ ಎಂದೆ.