ಕೆತ್ತದೆ ಉಳಿದ ಮಧ್ಯಾಹ್ನ

ಪ್ರೀತಿಯ ಲೇಖಕ ಮಾಮನಿಗೆ,

ನಿಮ್ಮ ಕಥೆಯ ಕೊನೆಯ ಚಿತ್ರದ ಮರದ ಅಚ್ಚನ್ನು ಇದರ ಜೊತೆ ಕಳಿಸಿದ್ದೇನೆ. ಅಪ್ಪ ಕೆತ್ತಿದ್ದು ಅಜ್ಜಿಯ ಮುಖ ಮತ್ತು ಕಿಟಕಿ ಮಾತ್ರ. ಅಷ್ಟರಲ್ಲಿ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಉಳಿದದ್ದನ್ನು ಬೇರೆಯವರ ಕೈಲಿ ಮುಗಿಸೋಣ ಎಂದು ಪ್ರೆಸ್ಸಿನ ಯಜಮಾನರು ಅಂದಾಗ ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ಕೆತ್ತಿದ ಕಡೆ ಕಾಗದ ಬೆಳ್ಳಗೆ ಉಳಿಯುತ್ತದೆ, ಕೆತ್ತದ ಕಡೆ ಮಸಿ ಹತ್ತುತ್ತದೆ. ನಿಮಗೆ ಗೊತ್ತೇ ಇದೆ. "ಮಹರಾಯ 'ಮಧ್ಯಾಹ್ನ' ಅಂತ ಒಂದೇ ಮಾತು ಬರೆದು ಕೈ ತೊಳ್ಕೋತಾನೆ, ಅಷ್ಟೂ ಬಿಸಿಲು ಕೆತ್ತೋನು ನಾನು" ಎಂದು ಅಪ್ಪ ಜೀವಮಾನವಿಡೀ ನಿಮ್ಮನ್ನು ಬೈದಿದ್ದಾರೆ.

ನಿನ್ನೆ ನಾನೇ ಮಸಿ ಹಚ್ಚಿ ಒಂದು ಪ್ರತಿ ತೆಗೆದೆ. ಕಗ್ಗತ್ತಲ ಕೋಣೆ, ಕಿಟಕಿಯಲ್ಲಿ ಬೆಳದಿಂಗಳು, ಅಜ್ಜಿಯ ಮುಖ. ಅರ್ಧಕ್ಕೆ ನಿಂತದ್ದು ಅನಿಸುವುದೇ ಇಲ್ಲ.

ಮಾಮ, ಆ ಪುಟದ 'ಮಧ್ಯಾಹ್ನ'ವನ್ನು 'ರಾತ್ರಿ' ಎಂದು ಮಾಡಿಕೊಡುತ್ತೀರಾ? ಎಲ್ಲಾದರೂ ಬಿಸಿಲು ಬಂದಿದ್ದರೆ ಅದನ್ನೂ ತೆಗೆಯಿರಿ. ಅಪ್ಪನ ಕೈ ಹೋಗಿದೆ, ಕಣ್ಣಲ್ಲ. ಪುಸ್ತಕ ಬಂದ ಕೂಡಲೇ ಆ ಪುಟವನ್ನೇ ಹುಡುಕುತ್ತಾರೆ. ಕೇಳಿದರೆ, ಮೊದಲಿಂದಲೂ ರಾತ್ರಿ ಎಂದೇ ಬರೆದಿದ್ದೆ ಅನ್ನಿ.

ಖಂಡಿತ ಬೈಯುತ್ತಾರೆ. ಮಲಗಿದಾಗಿನಿಂದ ಅವರು ಯಾರನ್ನೂ ಬೈದಿಲ್ಲ.

ಇಂತಿ,
ನಿಮ್ಮ ಚಿತ್ರಗಾರನ ಮಗಳು